ನೋಯುವ ನೇರಳೆ ಮಚ್ಚೆಯನ್ನು ಕಡೆಗಣಿಸಬೇಡಿ

(ನಂದಗುಡಿಯಲ್ಲಿ ರೈತರ ಮುಂದೆ ವೈದ್ಯರೊಬ್ಬರು ಮಾಡಿದ ಭಾಷಣ)



ನಿಮ್ಮಲ್ಲಿ ರೇಷ್ಮೆ ಹುಳು ಸಾಕುವವರು ಅನೇಕರಿದ್ದೀರಿ. ಮನೆಗೆ ಬಂದ ನೆಂಟನೊಬ್ಬ ಹುಳುಮನೆಯ ಬಾಗಿಲಲ್ಲಿ ನಿಂತು ಬೀಡಿ ಹಚ್ಚಿದರೆ ನೀವೇನು ಮಾಡುತ್ತೀರಿ? "ಅಣ್ಣಾ, ಅತ್ತ ಹೋಗಿ ಸೇದಪ್ಪಾ, ಹುಳ ಸತ್ತಾವು" ಎಂದು ಅವನನ್ನು ಅಂಗಳದಾಚೆಗೆ ಕಳಿಸುತ್ತೀರಿ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಬಾರದೆಂಬುದೂ ನಿಮಗೆ ಗೊತ್ತು. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಿಷ ಹುಳುವಿಗೆ ತಾಳದು. ಹುಳುವನ್ನು ಇಷ್ಟು ಜೋಪಾನ ಮಾಡುವ ಮನೆಯ ಯಜಮಾನರು ಅಂಗಳದಾಚೆಗೆ ಹೋಗಿ ಅದೇ ಹೊಗೆಯನ್ನು ತಾವು ಸೇವಿಸುತ್ತಾರೆ. ಚರ್ಮರೋಗದ ಬಗ್ಗೆ ಮಾತನಾಡಲು ಬಂದವನು ಬೀಡಿಯ ಮಾತನ್ನು ಏಕೆ ತೆಗೆದೆನೆಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ಅದು ತಾನಾಗಿ ತಿಳಿಯುತ್ತದೆ.

ನಾನು ಇಂದು ಹೇಳಬೇಕೆಂದಿರುವುದು ಒಂದು ಅಪರೂಪದ ಕಾಯಿಲೆಯ ವಿಷಯ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ವೈದ್ಯರು ಅದನ್ನು ಡಿಫ್ಯೂಸ್ ಡರ್ಮಲ್ ಆಂಜಿಯೊಮಟೋಸಿಸ್ ಎಂದು ಕರೆಯುತ್ತಾರೆ. ಹೆಸರನ್ನು ನೀವು ಬಾಯಿಪಾಠ ಮಾಡಬೇಕಾಗಿಲ್ಲ, ನಾವು ವೈದ್ಯರೇ ತಡವರಿಸುತ್ತೇವೆ. ಚರ್ಮದೊಳಗೆ ಸಣ್ಣ ಸಣ್ಣ ರಕ್ತನಾಳಗಳು ಬೇಕಾದುದಕ್ಕಿಂತ ಹೆಚ್ಚಾಗಿ ಹಬ್ಬಿಕೊಂಡು ಬೆಳೆಯುವುದು ಎಂಬುದೇ ಅದರ ಅರ್ಥ. 1994ರಲ್ಲಿ ಅಮೆರಿಕದ ಕ್ರೆಲ್, ಸ್ಯಾಂಚೆಜ್ ಮತ್ತು ಸಾಲೊಮನ್ ಎಂಬ ಮೂವರು ವೈದ್ಯರು ಇದನ್ನು ಬೇರೆಯಾಗಿ ಗುರುತಿಸಿ ಬರೆದರು. ಇದು ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಚಾಪೆಯಲ್ಲಿ ಮಲಗಿದರೂ ಬರುವುದಿಲ್ಲ.

ಹಾಗಾದರೆ ಅಪರೂಪದ ಕಾಯಿಲೆಯನ್ನು ಊರವರಿಗೆಲ್ಲ ಏಕೆ ಹೇಳಬೇಕು? ಕಾಯಿಲೆ ಅಪರೂಪವಾದರೂ ಅದರ ಬೇರು ಅಪರೂಪವಲ್ಲ. ಆ ಬೇರು ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿದೆ. ಚರ್ಮದ ಮೇಲೆ ಕಾಣುವ ಮಚ್ಚೆ ಆ ಬೇರಿನ ಸುದ್ದಿ ತರುವ ಓಲೆಕಾರನಷ್ಟೆ.

ಮೊದಲು ಮಚ್ಚೆ ಹೇಗಿರುತ್ತದೆಂದು ಹೇಳುತ್ತೇನೆ. ಕೆಂಪು ಬೆರೆತ ನೀಲಿ ಬಣ್ಣ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ನಮ್ಮ ಕಪ್ಪು ಮೈಬಣ್ಣದಲ್ಲಿ ಅದು ಕಂದು ಅಥವಾ ಕಡುಗಪ್ಪಾಗಿಯೂ ಕಾಣಬಹುದು. ಸುತ್ತಲಿನ ಚರ್ಮಕ್ಕಿಂತ ತುಸು ಉಬ್ಬಿ, ಮುಟ್ಟಿದರೆ ಗಡುಸಾಗಿರುತ್ತದೆ. ಕಾಲು ಮತ್ತು ತೊಡೆಯಲ್ಲಿ ಹೆಚ್ಚು. ಹೆಂಗಸರಲ್ಲಿ ಎದೆಯ ಮೇಲೆ ಬರುವುದೂ ಉಂಟು. ಹೊಟ್ಟೆಯ ಕೆಳಭಾಗ, ಕೈ ಇವುಗಳಲ್ಲಿಯೂ ಕಂಡಿದೆ. ಎಲ್ಲಕ್ಕಿಂತ ಮುಖ್ಯವಾದುದು ನೋವು. ಮುಟ್ಟಿದರೆ ನೋವು, ಪಂಚೆ ತಗುಲಿದರೆ ನೋವು. ಹಲವರಲ್ಲಿ ಮಚ್ಚೆಯ ನಡುವೆ ಚರ್ಮ ಒಡೆದು ಹುಣ್ಣಾಗುತ್ತದೆ, ಆ ಹುಣ್ಣು ಯಾವ ಮುಲಾಮಿಗೂ ಮಾಯುವುದಿಲ್ಲ.

ಇಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ತಾಲ್ಲೂಕಿನಲ್ಲಿ, ಸುಮಾರು 55 ವರ್ಷದ ರೈತರೊಬ್ಬರು ಬಂದರು. ಎಡಗಾಲಿನ ಮೊಣಕಾಲ ಕೆಳಗೆ ಅಂಗೈ ಅಗಲದ ಇಂಥದೇ ಮಚ್ಚೆ. ನಾನು ಕುಳಿತಲ್ಲಿಂದಲೇ ಬಗ್ಗಿ ನೋಡಿ ಹುಳುಕಡ್ಡಿ ಎಂದು ಮುಲಾಮು ಬರೆದುಕೊಟ್ಟೆ. ಹದಿನೈದು ದಿನ ಬಿಟ್ಟು ಬಂದರು, ಕಡಿಮೆಯಾಗಿರಲಿಲ್ಲ. ಕೀವಿನ ಸೋಂಕಿರಬೇಕೆಂದು ಮಾತ್ರೆ ಕೊಟ್ಟೆ. ಮತ್ತೆ ಬಂದರು, ಮಚ್ಚೆಯ ನಡುವೆ ಹುಣ್ಣಾಗಿತ್ತು. ಹೀಗೆ ಮೂರು ತಿಂಗಳು ಕಳೆಯಿತು. ಆ ಯಜಮಾನರು ಒಂದು ಸಲ, "ಬುದ್ಧೀ, ರಾತ್ರಿ ಮಂಚದಿಂದ ಕಾಲು ಕೆಳಕ್ಕೆ ಇಳಿಬಿಟ್ಕೊಂಡ್ರೆ ಒಂಚೂರು ನಿದ್ದೆ ಬತ್ತದೆ" ಎಂದರು. ಆ ಮಾತಿನಲ್ಲಿ ಕಾಯಿಲೆಯ ಪೂರಾ ಗುಟ್ಟಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಡೆಗೆ ಅವರನ್ನು ನನಗಿಂತ ಹಿರಿಯ ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಅವರು ಮಚ್ಚೆಯನ್ನು ನೋಡುವ ಮೊದಲು ಪಾದದ ಮೇಲೆ ಎರಡು ಬೆರಳಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ನಾಡಿ ಎಲ್ಲಯ್ಯಾ?" ಎಂದು ಕೇಳಿದರು. ನಾಡಿ ಇರಲಿಲ್ಲ. ಹಿಮ್ಮಡಿಯ ಪಕ್ಕದಲ್ಲಿಯೂ ಇರಲಿಲ್ಲ. ತೊಡೆಸಂದಿನ ಬಳಿಯೇ ದೊಡ್ಡ ರಕ್ತನಾಳ ಕಟ್ಟಿಕೊಂಡಿತ್ತು. ದಿನಕ್ಕೆ ಒಂದು ಕಟ್ಟು ಬೀಡಿ, ಮೂವತ್ತು ವರ್ಷದಿಂದ. ನಾಳವನ್ನು ಬಿಡಿಸುವ ಚಿಕಿತ್ಸೆಯಾಯಿತು, ಬೀಡಿ ನಿಂತಿತು. ಮೂರು ತಿಂಗಳ ಮುಲಾಮಿಗೆ ಜಗ್ಗದ ಮಚ್ಚೆ ಮುಂದಿನ ಎರಡು ತಿಂಗಳಲ್ಲಿ ಮಾಸಿಹೋಯಿತು. ಆದರೆ ಅಷ್ಟರಲ್ಲಿ ಕಪ್ಪಾಗಿದ್ದ ಕಿರುಬೆರಳನ್ನು ಉಳಿಸಲಾಗಲಿಲ್ಲ. ಆ ಬೆರಳು ನನ್ನ ಲೆಕ್ಕಕ್ಕೆ ಸೇರಿದ್ದು. ಅಂದಿನಿಂದ ಕಾಲಿನ ಮೇಲೆ ಏನೇ ಮಚ್ಚೆ ಕಂಡರೂ ನಾನು ಮೊದಲು ನಾಡಿ ಹಿಡಿಯುತ್ತೇನೆ.

ರಕ್ತನಾಳ ಕಟ್ಟಿಕೊಂಡರೆ ಚರ್ಮದಲ್ಲಿ ರಕ್ತನಾಳಗಳು ಹೆಚ್ಚಾಗುವುದೆಂತು? ಕೇಳಲು ವಿಚಿತ್ರವಾಗಿದೆಯಲ್ಲವೆ? ಹೊಲದ ಮಾತಿನಲ್ಲೇ ಹೇಳುತ್ತೇನೆ. ಕೆರೆಯ ತೂಬಿಗೆ ಹೂಳು ತುಂಬಿ ನೀರು ಬರುವುದು ಕಡಿಮೆಯಾಯಿತೆಂದುಕೊಳ್ಳಿ. ಕೊನೆಯ ಗದ್ದೆಯವರು ಏನು ಮಾಡುತ್ತಾರೆ? ಬಂದಷ್ಟು ನೀರನ್ನು ಹಿಡಿಯಲು ಸಿಕ್ಕಸಿಕ್ಕ ಕಡೆ ಗುದ್ದಲಿಯಿಂದ ಸಣ್ಣ ಸಣ್ಣ ಕಾಲುವೆ ತೋಡುತ್ತಾರೆ. ಗದ್ದೆಯ ತುಂಬ ಕಾಲುವೆಯಾಗುತ್ತದೆ, ನೀರು ಮಾತ್ರ ಹೆಚ್ಚುವುದಿಲ್ಲ. ಚರ್ಮವೂ ಹಾಗೆಯೇ. ರಕ್ತದಲ್ಲಿ ಬರುವ ಪ್ರಾಣವಾಯು ಸಾಲದೆ ಹೋದಾಗ ಅಲ್ಲಿನ ಜೀವಕೋಶಗಳು "ಹೊಸ ನಾಳ ಬೇಕು" ಎಂದು ಕೂಗುವಂತೆ ಒಂದು ರಾಸಾಯನಿಕ ವಸ್ತುವನ್ನು ಹೊರಗೆ ಬಿಡುತ್ತವೆ. ಆ ಕೂಗಿಗೆ ಓಗೊಟ್ಟು ಸೂಕ್ಷ್ಮ ನಾಳಗಳು ಚರ್ಮದ ನಾರುಗಳ ನಡುವೆ ಗೊತ್ತುಗುರಿಯಿಲ್ಲದೆ ಹಬ್ಬುತ್ತವೆ. ಇವೇ ನಮಗೆ ನೇರಳೆ ಮಚ್ಚೆಯಾಗಿ ಕಾಣುವುದು. ಹಸಿದ ಚರ್ಮ ನೋಯುತ್ತದೆ. ಹಸಿವು ಇನ್ನೂ ಹೆಚ್ಚಿದರೆ ಸತ್ತು ಹುಣ್ಣಾಗುತ್ತದೆ.

ಈಗ ಇಲ್ಲಿ ಕೊಳವೆಬಾವಿ, ಹನಿ ನೀರಾವರಿ ಬಂದಿದೆ, ತೂಬಿನ ಮಾತು ಹುಡುಗರಿಗೆ ಹಿಡಿಸದಿರಬಹುದು. ಅವರಿಗೆ ಬೇರೆಯಾಗಿ ಹೇಳೋಣ. ಫಿಲ್ಟರ್ ಕಟ್ಟಿಕೊಂಡರೆ ಸಾಲಿನ ಕೊನೆಯ ಗುಲಾಬಿ ಗಿಡ ಮೊದಲು ಬಾಡುತ್ತದೆ. ಬಾಡಿದ ಎಲೆಗೆ ಔಷಧಿ ಹೊಡೆದು ಫಲವೇನು? ಫಿಲ್ಟರ್ ತೊಳೆಯಬೇಕು.

ನಾಳ ಕಟ್ಟಿಕೊಳ್ಳಲು ಕಾರಣಗಳು ಹಲವು. ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಾದ ಕೊಬ್ಬು, ಮೈಯ ತೂಕ, ವಯಸ್ಸು ಇವೆಲ್ಲ ಸೇರುತ್ತವೆ. ಕೆಲವರಿಗೆ ರಕ್ತವೇ ಬೇಗ ಹೆಪ್ಪುಗಟ್ಟುವ ಸ್ವಭಾವದ್ದಾಗಿರುತ್ತದೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿರುತ್ತಾರೆ. ಆ ಕೈಯಲ್ಲಿ ಇಂಥ ಮಚ್ಚೆ ಎದ್ದರೆ ಡಯಾಲಿಸಿಸ್ ಕೊಠಡಿಯಲ್ಲಿಯೇ ತೋರಿಸಬೇಕು. ಆದರೆ ಈ ಕಾಯಿಲೆಯ ರೋಗಿಗಳ ವಿವರ ನೋಡಿದಾಗ ಮತ್ತೆ ಮತ್ತೆ ಸಿಗುವ ಮಾತು ಒಂದು: ಧೂಮಪಾನ. ಹೊಗೆಯಲ್ಲಿರುವ ನಿಕೋಟಿನ್ ರಕ್ತನಾಳವನ್ನು ಹಿಂಡಿ ಕಿರಿದು ಮಾಡುತ್ತದೆ. ಹೊಗೆಯ ಇಂಗಾಲದ ಮೊನಾಕ್ಸೈಡ್ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ನಾಳದ ಒಳಗೋಡೆ ಒರಟಾಗಿ ಅಲ್ಲಿ ಕೊಬ್ಬು ಕಚ್ಚಿಕೊಳ್ಳುತ್ತದೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ, ಆದ್ದರಿಂದ ಸಿಗರೇಟಿನಷ್ಟು ಕೆಟ್ಟದ್ದಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ತಪ್ಪು. ಬೀಡಿ ಆರಿಹೋಗದಂತೆ ಪದೇ ಪದೇ ಜೋರಾಗಿ ಎಳೆಯಬೇಕಾಗುತ್ತದೆ, ಹಾಗಾಗಿ ಒಳಹೋಗುವ ವಿಷ ಸಿಗರೇಟಿಗಿಂತ ಕಡಿಮೆಯೇನಲ್ಲ.

ಹೊಗೆಸೊಪ್ಪು ಬೆಳೆಯುವವರನ್ನು ದೂರಲು ನಾನು ಬಂದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ನಿಮ್ಮಂಥ ರೈತರೇ ಅದರಲ್ಲಿ ಸಂಸಾರ ನಡೆಸುತ್ತಿದ್ದಾರೆ. ಸೇದುವವರ ಕಾಲಿನ ಮಾತಷ್ಟೆ ನನ್ನದು. ನ್ಯೂಯಾರ್ಕಿನಲ್ಲಿದ್ದ ಲಿಯೋ ಬರ್ಗರ್ ಎಂಬ ವೈದ್ಯರು 1908ರಲ್ಲಿ ವಿವರಿಸಿದ ಕಾಯಿಲೆಯೊಂದಿದೆ, ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಹೊಗೆಸೊಪ್ಪು ಬಳಸುವ ಹರೆಯದವರಲ್ಲಿ ಕೈಕಾಲಿನ ಸಣ್ಣ ನಾಳಗಳು ಮುಚ್ಚಿ ಬೆರಳುಗಳು ಕಪ್ಪಾಗುತ್ತವೆ. ಅದು ನಮ್ಮ ದೇಶದ ಬೀಡಿ ಸೇದುವವರಲ್ಲಿ ಚೆನ್ನಾಗಿಯೇ ಪರಿಚಿತ. ಅಲ್ಲಿಯೂ ಮೊದಲ ಔಷಧಿ ಬೀಡಿ ಬಿಡುವುದು. ಬಿಡದೆ ಹೋದರೆ ಬೇರೆ ಯಾವ ಔಷಧಿಯೂ ನಡೆಯುವುದಿಲ್ಲ.

ಈಗ ತಾಯಂದಿರಿಗೆ ಒಂದು ಮಾತು. ಈ ಮಚ್ಚೆ ಎದೆಯ ಮೇಲೆ, ಅದರಲ್ಲೂ ಮೈ ದಪ್ಪವಿದ್ದು ಎದೆ ಭಾರವಾಗಿರುವ ಹೆಂಗಸರಲ್ಲಿ ಬರಬಹುದು. ಭಾರದಿಂದ ಚರ್ಮ ಜಗ್ಗಿ ಅಲ್ಲಿನ ಸಣ್ಣ ನಾಳಗಳಿಗೆ ರಕ್ತ ಸಾಲದೆ ಹೋಗುತ್ತದೆ. ನಮ್ಮ ಹೆಂಗಸರು ಬೀಡಿ ಸೇದುವುದು ಕಡಿಮೆ, ಆದರೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಮಡಿಚುವವರು, ಕಡ್ಡಿಪುಡಿ ಹಾಕುವವರು ಇದ್ದೀರಿ. ಅದರಲ್ಲಿಯೂ ಇರುವುದು ಅದೇ ನಿಕೋಟಿನ್. ಎದೆಯ ಮೇಲೆ ನೋವಿನ ಮಚ್ಚೆ ಅಥವಾ ಹುಣ್ಣು ಕಂಡರೆ ಸೊಸೆಗೆ ಹೇಳಲು ನಾಚಿಕೆ, ಗಂಡನಿಗೆ ಹೇಳಲು ಹೆದರಿಕೆ. ಸೆರಗು ಮುಚ್ಚಿಕೊಂಡು ತಿಂಗಳುಗಟ್ಟಲೆ ಸಹಿಸುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಎದೆಯ ಮೇಲಿನ ಮಚ್ಚೆಯಲ್ಲಿ ಮೊದಲು ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಬರಿಗಣ್ಣಿನಿಂದ ಅದನ್ನು ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಹೇಳಿದರೂ ಸಾಕು, ಹೆಂಗಸು ಡಾಕ್ಟರು ಇರುವ ಕಡೆ ಕರೆದುಕೊಂಡು ಹೋಗುತ್ತಾರೆ.

ಖಚಿತ ಮಾಡಿಕೊಳ್ಳುವ ದಾರಿ ಬಯಾಪ್ಸಿ. ಜಾಗವನ್ನು ಮರಗಟ್ಟಿಸಿ ಚರ್ಮದಿಂದ ಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. "ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ" ಎಂದು ಹೆದರಿಸುವವರ ಮಾತು ನಂಬಬೇಡಿ. ಆದರೆ ಕಾಲಿನಲ್ಲಿ ನಾಡಿ ಸಿಗದಿದ್ದರೆ ಚೂರು ತೆಗೆದ ಗಾಯವೂ ಬೇಗ ಮಾಯುವುದಿಲ್ಲ. ಆದ್ದರಿಂದ ರಕ್ತದ ಹರಿವನ್ನು ನೋಡಿಕೊಂಡು, ಜಾಗ ಆರಿಸಿ ತೆಗೆಯುತ್ತಾರೆ. ವೈದ್ಯರು "ಮೊದಲು ಕಾಲಿನ ಸ್ಕ್ಯಾನ್ ಆಗಲಿ" ಎಂದರೆ ಕಾಲಹರಣವೆಂದು ಬೇಸರಪಡಬಾರದು.

ಎಲ್ಲ ಮಚ್ಚೆಯೂ ಇದೇ ಎಂದು ಗಾಬರಿಯಾಗುವುದೂ ಬೇಡ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿಯೆದ್ದು ನೀರುಗುಳ್ಳೆಯಾದರೆ ಅದು ಸರ್ಪಸುತ್ತು. ಅದಕ್ಕೂ ಬೇಗನೆ ಔಷಧಿ ತೆಗೆದುಕೊಳ್ಳಬೇಕು. ಉಂಗುರದಂತೆ ಹರಡಿ ನೋವಿಲ್ಲದೆ ನವೆಯಾದರೆ ಸಾಮಾನ್ಯವಾಗಿ ಹುಳುಕಡ್ಡಿ. ಬಣ್ಣ ಮಾಸಿದ ಮಚ್ಚೆಯಲ್ಲಿ ಸ್ಪರ್ಶವೇ ತಿಳಿಯದಿದ್ದರೆ ಕುಷ್ಠವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಗುಣವಾಗುವ ಔಷಧಿಯನ್ನು ಧರ್ಮಾರ್ಥವಾಗಿ ಕೊಡುತ್ತಾರೆ. ನಾನು ಹೇಳುತ್ತಿರುವ ಮಚ್ಚೆ ಇದಕ್ಕೆ ತದ್ವಿರುದ್ಧ, ಮುಟ್ಟಿದರೆ ನೋಯುತ್ತದೆ. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೋವಿನ ಗುರುತೂ ಸಿಗದೆ ಹೋಗಬಹುದು. ಅವರು ದಿನಾ ಕಾಲು ನೋಡಿಕೊಳ್ಳಬೇಕು.

ಇನ್ನು ನಾಡಿ ನೋಡುವ ಬಗೆ. ಇದನ್ನು ನೀವೂ ಕಲಿಯಬಹುದು. ಈಗಲೇ ಚಪ್ಪಲಿ ಬಿಟ್ಟು ನೋಡಿಕೊಳ್ಳಿ. ಪಾದದ ಮೇಲ್ಭಾಗದ ನಡುವೆ, ಹೆಬ್ಬೆರಳಿನಿಂದ ಮೇಲಕ್ಕೆ ಹೋಗುವ ನರದ ಪಕ್ಕದಲ್ಲಿ ಎರಡು ಬೆರಳಿನ ತುದಿಯನ್ನು ಹಗುರಾಗಿ ಇಡಿ. ಅದುಮಿದರೆ ನಾಡಿ ಅಡಗುತ್ತದೆ. ಟಕ್ ಟಕ್ ಎಂದು ಬಡಿಯುವುದು ತಿಳಿಯುತ್ತದೆ. ಇನ್ನೊಂದು ಜಾಗ ಒಳಗಿನ ಹರಡಿನ ಮೂಳೆಯ ಹಿಂದೆ. ಹೆಬ್ಬೆರಳನ್ನು ಬಳಸಬೇಡಿ, ಅದರದೇ ನಾಡಿ ಬಡಿದು ಮೋಸವಾಗುತ್ತದೆ. ಹುಟ್ಟಿನಿಂದಲೇ ಪಾದದ ಮೇಲಿನ ನಾಡಿ ಕೈಗೆ ಸಿಗದ ಆರೋಗ್ಯವಂತರೂ ಇದ್ದಾರೆ, ಆದ್ದರಿಂದ ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡಿ. ಎರಡೂ ಕಡೆ ಸಿಗದಿದ್ದರೆ, ಅಥವಾ ಒಂದು ಕಾಲು ಇನ್ನೊಂದಕ್ಕಿಂತ ತಣ್ಣಗಿದ್ದರೆ, ವೈದ್ಯರಿಗೆ ತೋರಿಸಿ.

ನಡಿಗೆಯಲ್ಲಿಯೂ ಗುರುತಿದೆ. ಮನೆಯಿಂದ ಹೊಲಕ್ಕೆ ಹೋಗುವಾಗ ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. "ವಯಸ್ಸಾಯಿತು" ಎಂದು ಅರಳಿಕಟ್ಟೆಯ ಮೇಲೆ ಕುಳಿತು ಒಂದು ಬೀಡಿ ಹಚ್ಚುತ್ತೀರಿ. ಅದು ವಯಸ್ಸಲ್ಲ, ದುಡಿಯುವ ಮಾಂಸಖಂಡಕ್ಕೆ ರಕ್ತ ಸಾಲುತ್ತಿಲ್ಲ. ಮುಂದೆ ಮಲಗಿದಾಗಲೂ ನೋವು ಬರುತ್ತದೆ, ಕಾಲು ಇಳಿಬಿಟ್ಟರೆ ಹಿತವಾಗುತ್ತದೆ. ಇಳಿಜಾರಿನಲ್ಲಿ ರಕ್ತ ತುಸು ಹೆಚ್ಚು ಇಳಿಯುವುದೇ ಅದಕ್ಕೆ ಕಾರಣ. ನಮ್ಮ ಯಜಮಾನರು ಹೇಳಿದ್ದು ಅದನ್ನೇ. ಆ ಹಂತಕ್ಕೆ ಬಂದವರು ವಾರಗಳನ್ನು ಎಣಿಸುತ್ತ ಕೂರಬಾರದು.

ಆಸ್ಪತ್ರೆಯಲ್ಲಿ ಮಾಡುವ ಮೊದಲ ಪರೀಕ್ಷೆ ಸುಲಭ. ತೋಳಿನಲ್ಲಿ ರಕ್ತದೊತ್ತಡ ನೋಡುವಂತೆ ಕಾಲಿನ ಹರಡಿನ ಬಳಿಯಲ್ಲಿಯೂ ನೋಡುತ್ತಾರೆ. ಆರೋಗ್ಯವಂತರಲ್ಲಿ ಎರಡೂ ಸರಿಸಮ, ಅಥವಾ ಕಾಲಿನಲ್ಲಿ ತುಸು ಹೆಚ್ಚು. ಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕೂ ಕಡಿಮೆ ಬಂದರೆ ನಾಳ ಕಟ್ಟಿದೆಯೆಂದು ಅರ್ಥ. ಆಮೇಲೆ ಡಾಪ್ಲರ್ ಸ್ಕ್ಯಾನ್ ಮಾಡಿ ಎಲ್ಲಿ ಕಟ್ಟಿದೆಯೆಂದು ಹುಡುಕುತ್ತಾರೆ.

ಇಲ್ಲೊಂದು ಎಚ್ಚರಿಕೆ. ಇದನ್ನು ಯಾರೂ ಮರೆಯಬಾರದು. ಇದೇ ರೀತಿ ಕಾಣುವ ಇನ್ನೊಂದು ಮಚ್ಚೆಯಿದೆ, ಅದರ ಕಾರಣ ಬೇರೆ. ಹೊತ್ತುಗಟ್ಟಲೆ ನಿಂತು ಕೆಲಸ ಮಾಡುವವರಿಗೆ ಕಾಲಿನಲ್ಲಿ ನರ ಉಬ್ಬುತ್ತದೆ. ಮೇಲಕ್ಕೆ ಹೋಗಬೇಕಾದ ಕೆಟ್ಟ ರಕ್ತ ಅಲ್ಲಿಯೇ ನಿಂತು, ಹರಡಿನ ಸುತ್ತ ಮತ್ತು ಪಾದದ ಮೇಲೆ ನೇರಳೆ ಮಚ್ಚೆಗಳು ಏಳುತ್ತವೆ. ನೆದರ್ಲೆಂಡ್ಸ್ ದೇಶದ ಮಾಲಿ ಎಂಬ ವೈದ್ಯರು ಮತ್ತು ಅವರ ಜೊತೆಯವರು 1965ರಲ್ಲಿ ಇದನ್ನು ವಿವರಿಸಿದರು. ಹೆಸರು ನಮ್ಮ ತೋಟದ ಮಾಲಿಯದೇ, ಆದರೆ ಸಂಬಂಧವಿಲ್ಲ. ಇಲ್ಲಿ ರಕ್ತ ಬರುವುದಕ್ಕೆ ಅಡ್ಡಿಯಿಲ್ಲ, ಹೋಗುವುದಕ್ಕೆ ಅಡ್ಡಿ. ನೀರು ಬಸಿದುಹೋಗದೆ ಜೌಗಾದ ಗದ್ದೆಯಂತೆ. ಇದಕ್ಕೆ ಕಾಲನ್ನು ಎತ್ತರದಲ್ಲಿಟ್ಟು ಮಲಗುವುದು, ಬಿಗಿಯಾದ ಪಟ್ಟಿ ಅಥವಾ ಅದಕ್ಕೆಂದೇ ಮಾಡಿದ ಕಾಲುಚೀಲ ಹಾಕುವುದು ಒಳ್ಳೆಯ ಚಿಕಿತ್ಸೆ.

ಅದೇ ಬಿಗಿಪಟ್ಟಿಯನ್ನು ನಾಡಿಯಿಲ್ಲದ ಕಾಲಿಗೆ ಕಟ್ಟಿದರೆ ಏನಾಗುತ್ತದೆ? ಮೊದಲೇ ಒಣಗಿದ ಗದ್ದೆಗೆ ಬರುತ್ತಿದ್ದ ಹನಿ ನೀರನ್ನೂ ತಡೆದಂತಾಗುತ್ತದೆ. ಕಾಲು ಕಪ್ಪಾಗಿ ಹೋಗಬಹುದು. ಪಕ್ಕದ ಮನೆಯ ಅಕ್ಕನಿಗೆ ಪಟ್ಟಿ ಕಟ್ಟಿ ವಾಸಿಯಾಯಿತೆಂದು ನೀವು ಅಂಗಡಿಯಿಂದ ಪಟ್ಟಿ ತಂದು ಕಟ್ಟಿಕೊಳ್ಳಬೇಡಿ. ನಾಡಿ ನೋಡದೆ ಯಾರ ಕಾಲಿಗೂ ಬಿಗಿಪಟ್ಟಿ ಕಟ್ಟುವಂತಿಲ್ಲ.

ಮಾಡಬಾರದ ಬೇರೆ ಕೆಲಸಗಳೂ ಇವೆ. ಮಚ್ಚೆಯ ಮೇಲೆ ಬರೆ ಹಾಕಿಸುವುದು, ಗೇರೆಣ್ಣೆ, ಸುಣ್ಣ ಹಚ್ಚುವುದು ಬೇಡ. ರಕ್ತ ಸಾಲದ ಚರ್ಮಕ್ಕೆ ಸುಟ್ಟ ಗಾಯವನ್ನು ಮಾಯಿಸಿಕೊಳ್ಳುವ ಶಕ್ತಿಯಿಲ್ಲ. ಚಳಿಗಾಲದಲ್ಲಿ ಕಾಲು ತಣ್ಣಗಾಯಿತೆಂದು ಬೆಂಕಿಯ ಹತ್ತಿರ ಹಿಡಿಯುವುದೂ, ಬಿಸಿನೀರಿನ ಚೀಲ ಇಡುವುದೂ ಅಪಾಯ. ಉಣ್ಣೆಯ ಕಾಲುಚೀಲ ಸಡಿಲವಾಗಿ ಹಾಕಿಕೊಂಡರೆ ಸಾಕು. ರಾಗಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ತಿರುಗಬೇಡಿ. ಕೂಳೆ ಚುಚ್ಚಿದ ಸಣ್ಣ ಗಾಯ ಇಂಥ ಕಾಲಿಗೆ ದೊಡ್ಡದಾಗುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಬಿಳಿ ಟ್ಯೂಬನ್ನು ತಿಂಗಳುಗಟ್ಟಲೆ ಬಳಿಯುವುದು ನಿಂತರೆ ನಮ್ಮ ಅರ್ಧ ಕೆಲಸ ಹಗುರಾಗುತ್ತದೆ.

ಚಿಕಿತ್ಸೆಯ ವಿಷಯ. ನಾಳ ಎಲ್ಲಿ, ಎಷ್ಟು ಕಟ್ಟಿದೆಯೆಂಬುದರ ಮೇಲೆ ಅದು ನಿಂತಿದೆ. ಬೀಡಿ ಬಿಟ್ಟು, ಸಕ್ಕರೆ, ರಕ್ತದೊತ್ತಡ ಹದಕ್ಕೆ ತಂದು, ರಕ್ತ ಹೆಪ್ಪುಗಟ್ಟದಂತೆ ಮತ್ತು ಕೊಬ್ಬು ತಗ್ಗುವಂತೆ ವೈದ್ಯರು ಬರೆದ ಮಾತ್ರೆ ತೆಗೆದುಕೊಂಡು, ಪ್ರತಿದಿನ ನಡೆಯುವ ಅಭ್ಯಾಸ ಮಾಡಿದರೆ ಹಲವರಿಗೆ ಅಷ್ಟರಿಂದಲೇ ಅನುಕೂಲವಾಗುತ್ತದೆ. ಕಾಲಿನಲ್ಲಿ ಹುಣ್ಣಿಲ್ಲದವರು ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯಬೇಕು. ಹೆಚ್ಚು ಕಟ್ಟಿದ್ದರೆ ನಾಳದೊಳಗೆ ಸಣ್ಣ ಬಲೂನು ತೂರಿಸಿ ಉಬ್ಬಿಸಿ ದಾರಿ ಬಿಡಿಸುತ್ತಾರೆ, ಇಲ್ಲವೆ ಕಟ್ಟಿದ ಭಾಗವನ್ನು ಬಳಸಿಕೊಂಡು ಹೋಗುವಂತೆ ಬೇರೆ ನಾಳ ಜೋಡಿಸುತ್ತಾರೆ. ರಕ್ತ ಹರಿಯಲಾರಂಭಿಸಿದ ಮೇಲೆ ಮಚ್ಚೆಗೆ ಬೇರೆ ಔಷಧಿ ಬೇಡವಾಗುವುದೇ ಹೆಚ್ಚು. ಕೆಲವರಿಗೆ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯಿಂದ ಗುಣ ಕಂಡಿದೆ. ಅದು ಗರ್ಭದ ಮಗುವಿಗೆ ಮಹಾ ಹಾನಿಕರ, ಆದ್ದರಿಂದ ಒಬ್ಬರಿಗೆ ಬರೆದದ್ದನ್ನು ಮನೆಯ ಇನ್ನೊಬ್ಬರು ನುಂಗಬಾರದು.

ಖರ್ಚಿನ ಹೆದರಿಕೆ ನನಗೆ ತಿಳಿದಿದೆ. ಹಸು ಮಾರಿ ಆಸ್ಪತ್ರೆಗೆ ಕಟ್ಟಿದವರನ್ನು ಕಂಡಿದ್ದೇನೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ, ಉಳಿದವರಿಗೆ ನಿಗದಿಯಾದ ದರದ ನೂರಕ್ಕೆ 30 ಭಾಗವನ್ನು ಸರ್ಕಾರ ಕೊಡುತ್ತದೆ. ಇದಕ್ಕೆ ಒಂದು ಕ್ರಮವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಯಾದರೆ ಅವರೇ ಚೀಟಿ ಬರೆದು ಮುಂದಕ್ಕೆ ಕಳಿಸುತ್ತಾರೆ. ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿ, ಆಮೇಲೆ ಕಾರ್ಡು ತೋರಿಸಿದರೆ ತೊಂದರೆಯಾಗುತ್ತದೆ. ಇಲ್ಲಿಯವರು ಹೊಸಕೋಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬೆಂಗಳೂರಿನ ಬೌರಿಂಗ್ ಅಥವಾ ವಿಕ್ಟೋರಿಯಾ ಆಸ್ಪತ್ರೆಗೆ ಹೋಗಬಹುದು. ಕೋಲಾರ ಹತ್ತಿರವಾಗುವವರಿಗೆ ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಬೀಡಿ ಬಿಡುವುದು ಸುಲಭವೆಂದು ನಾನು ಹೇಳುವುದಿಲ್ಲ. ಆ ಯಜಮಾನರೂ "ಬೀಡಿ ಇಲ್ದಿದ್ರೆ ಬೆಳಿಗ್ಗೆ ಹೊಟ್ಟೆನೇ ಸಡಿಲಾಗಲ್ಲ ಬುದ್ಧೀ" ಎಂದು ವಾದ ಮಾಡಿದರು. ಬಿಟ್ಟ ಮೊದಲ ಕೆಲವು ವಾರ ಸಿಡುಕು, ನಿದ್ದೆಗೇಡು, ಮಲಬದ್ಧತೆ ಎಲ್ಲವೂ ಆಗಬಹುದು. ಬಿಸಿನೀರು ಕುಡಿದು, ಸೊಪ್ಪು ತರಕಾರಿ ಹೆಚ್ಚು ತಿಂದು ಅದನ್ನು ದಾಟಬೇಕು. ಸೇದಬೇಕೆಂಬ ಚಪಲ ಬಂದಾಗ ಅದರ ಜೋರು ಕೆಲವು ನಿಮಿಷ ಮಾತ್ರ. ಆ ಹೊತ್ತಿನಲ್ಲಿ ಹಸುವಿಗೆ ಹುಲ್ಲು ಹಾಕಲು ಎದ್ದುಹೋಗಿ, ನಾಲ್ಕು ಹುರಿಗಡಲೆ ಬಾಯಿಗೆ ಹಾಕಿಕೊಳ್ಳಿ. ಬೀಡಿ ಬಿಟ್ಟು ಹೊಗೆಸೊಪ್ಪು ಅಗಿಯಲು ಆರಂಭಿಸಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. 1800 11 2356 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಹಣ ಖರ್ಚಿಲ್ಲದೆ ಸಲಹೆ ಕೊಡುತ್ತಾರೆ, ಕನ್ನಡದಲ್ಲಿಯೂ ಮಾತನಾಡಬಹುದು. ತಡೆಯಲಾಗದವರಿಗೆ ನಿಕೋಟಿನ್ ಇರುವ ಅಗಿಯುವ ಗೋಂದು, ಮಾತ್ರೆ ಇವೆ. ಅವನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ರಕ್ತನಾಳದ ಕಾಯಿಲೆಯಿದ್ದವರು ದಿನಕ್ಕೆ ಎರಡೇ ಸೇದುತ್ತೇನೆಂದು ಚೌಕಾಸಿ ಮಾಡಬಾರದು.

ತೋರಿಸಲು ಬರುವ ದಿನ ಎರಡೂ ಕಾಲು ತೊಳೆದುಕೊಂಡು ಬನ್ನಿ, ಮಚ್ಚೆಯ ಮೇಲೆ ಅರಿಶಿನವಾಗಲಿ ಮುಲಾಮಾಗಲಿ ಬಳಿಯಬೇಡಿ, ಬಣ್ಣ ಕಾಣದಂತಾಗುತ್ತದೆ. ತೆಗೆದುಕೊಳ್ಳುತ್ತಿರುವ ಮಾತ್ರೆಯ ಪಟ್ಟಿಗಳು, ಬಳಸಿದ ಟ್ಯೂಬುಗಳು, ಹಳೆಯ ಚೀಟಿಗಳು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಮಚ್ಚೆ ಯಾವ ಹಬ್ಬದ ಹೊತ್ತಿಗೆ ಕಾಣಿಸಿತು, ಎಷ್ಟು ದೂರ ನಡೆದರೆ ಮೀನಖಂಡ ಹಿಡಿಯುತ್ತದೆ, ದಿನಕ್ಕೆ ಎಷ್ಟು ಬೀಡಿ ಎಂಬುದನ್ನು ನೆನಪು ಮಾಡಿಕೊಂಡು ಬಂದರೆ ಒಳ್ಳೆಯದು. ಬೀಡಿಯ ಲೆಕ್ಕವನ್ನು ಕಡಿಮೆ ಮಾಡಿ ಹೇಳಬೇಡಿ, ನಾವು ಬೈಯುವುದಿಲ್ಲ. ವೈದ್ಯರು ಪಾದ ಮುಟ್ಟಿ ನೋಡದೆ ಚೀಟಿ ಬರೆಯಲು ಹೊರಟರೆ, "ಸಾರ್, ಕಾಲಿನ ನಾಡಿ ಒಂದು ಸಲ ನೋಡಿ" ಎಂದು ಕೇಳಲು ಸಂಕೋಚಪಡಬೇಡಿ. ನನಗೂ ಅಂದು ಯಾರಾದರೂ ಹಾಗೆ ಹೇಳಿದ್ದರೆ ಚೆನ್ನಾಗಿತ್ತು.